ಭಟ್ಟಿಯ ಮುಂದಿನ ಕುರ್ಚಿ

ಚಳಿಗಾಲದ ಫ್ಲೂ ಜ್ವರಕ್ಕೆ ಲಸಿಕೆ ಹಾಕುತ್ತಾರೆ ಅಂದರೆ ಆ ಬೀದಿಯವರು ಮೂಗು ಮುರಿಯುತ್ತಿದ್ದರು. "ಚೆನ್ನಾಗಿರೋರು ತಾವಾಗೇ ಹೋಗಿ ಜ್ವರ ಹತ್ತಿಸ್ಕೊಂಡು ಬರೋದು ಯಾವ ಸೀಮೆ ಜಾಣತನ?" ಎಂದು ದರ್ಜಿ ತನ್ನ ಅಂಗಡಿಯಲ್ಲಿ ಹೇಳಿ ನಗುತ್ತಿದ್ದ. ಆಮೇಲೆ ಬೇಕರಿಗೆ ಬಂದು ಅದನ್ನೇ ಇನ್ನೊಮ್ಮೆ ಹೇಳುತ್ತಿದ್ದ. ಬೇಕರಿಯವನ ಹೆಂಡತಿಯೂ ಹೋದ ವರ್ಷ ಆ ನಗುವಿಗೆ ದನಿಗೂಡಿಸಿದವಳೇ. ಈ ವರ್ಷ ಅವಳಿಗೆ ನಗು ಬರಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಅತ್ತೆಯ ಕುರ್ಚಿ ಖಾಲಿ ಬಿದ್ದಿತ್ತು. ಅವಳೀಗ ತುಂಬು ಬಸುರಿ.

ಹೋದ ವರ್ಷ ಆದದ್ದು ಇಷ್ಟು. ಅತ್ತೆಗೆ ಮೊದಲಿಂದ ಉಬ್ಬಸ. ಆಸ್ಪತ್ರೆಯ ಸಿಸ್ಟರ್ ಬೀದಿಗೆ ಬಂದು, "ಅಮ್ಮನಿಗೆ ಲಸಿಕೆ ಹಾಕಿಸಿಬಿಡಪ್ಪ" ಎಂದು ಬೇಕರಿಯವನಿಗೆ ಒತ್ತಿ ಹೇಳಿ ಹೋಗಿದ್ದರು. ಮೊದಲು ತಾನು ಹಾಕಿಸಿಕೊಂಡು ನೋಡುತ್ತೇನೆ, ಏನೂ ಆಗದಿದ್ದರೆ ಅಮ್ಮನನ್ನು ಕರೆದೊಯ್ಯುತ್ತೇನೆ ಅಂದ ಅವನು. ಹಾಕಿಸಿಕೊಂಡು ಬಂದ. ಸಂಜೆಯ ಹೊತ್ತಿಗೆ ತೋಳು ನೋಯತೊಡಗಿತು, ಮೈ ಬೆಚ್ಚಗಾಯಿತು, ಕೈಕಾಲಲ್ಲಿ ಕಸುವೇ ಇಲ್ಲ. ಆ ಮನೆಯಲ್ಲಿ ಜ್ವರಕ್ಕೆ ಅಪ್ಪನ ಕಾಲದಿಂದಲೂ ಒಂದೇ ಮದ್ದು. ಬ್ರೆಡ್ಡು ಬೇಯಿಸುವ ಭಟ್ಟಿಯ ಬಾಯಿಗೆ ಬೆನ್ನು ಕೊಟ್ಟು ನಿಂತು ಬೆವರು ಸುರಿಸುವುದು. ನೀರು ಕುಡಿದರೆ ಬೆವರು ನಿಂತುಹೋಗುತ್ತದೆ ಎಂದು ನೀರನ್ನೂ ಮುಟ್ಟುವಂತಿಲ್ಲ. ಅವನು ಹಾಗೇ ನಿಂತ. ಕಣ್ಣು ಕತ್ತಲಿಟ್ಟು, ಕಾದ ಕಬ್ಬಿಣದ ತಟ್ಟೆಯ ಮೇಲೆ ಮುಂಗೈ ಊರಿಕೊಂಡೇ ಕೆಳಗೆ ಬಿದ್ದ.

"ಅದು ಲಸಿಕೆ ಅಲ್ಲ, ವಿಷ. ಇನ್ನು ಈ ಮನೇಲಿ ಅದರ ಸುದ್ದಿ ಎತ್ತಬೇಡಿ" ಎಂದ, ಸುಟ್ಟ ಕೈಗೆ ಬಟ್ಟೆ ಸುತ್ತಿಸಿಕೊಳ್ಳುತ್ತಾ.

"ನಾನು ಹೋಗಿ ಬರ್ತೀನಿ ಕಣೋ" ಅಂದರು ಅಮ್ಮ. "ಒಂದಿನ ಸುಸ್ತಾದ್ರೆ ಆಗ್ಲಿ. ನಾನೇನು ಹಿಟ್ಟು ನಾದ್ಬೇಕಾ, ಮೂಟೆ ಹೊರ್ಬೇಕಾ?"

"ನನ್ನಂಥ ಗಟ್ಟಿ ಆಳೇ ಬಿದ್ದೆ. ನಿನ್ನ ಕಳಿಸಿ ನಾನು ಕೈ ಕಟ್ಕೊಂಡು ಕೂರ್ಲಾ?"

ಅವರು ಸೊಸೆಯ ಮುಖ ನೋಡಿದರು. ಸೊಸೆ, "ಸುಮ್ನಿರಿ ಅತ್ತೆ, ಅವರು ಹೇಳೋದು ನಿಮ್ಮ ಒಳ್ಳೇದಕ್ಕೇ" ಅಂದುಬಿಟ್ಟಳು. ಅತ್ತೆ ಮತ್ತೆ ಕೇಳಲಿಲ್ಲ.

ಚಳಿ ಬಿಗಿಯಾದಾಗ ನಿಜವಾದ ಫ್ಲೂ ಬೀದಿಗೆ ಬಂತು. ಅತ್ತೆ ಮಲಗಿದರು. ಗಂಡ ಹೆಂಡತಿ ಇಬ್ಬರೂ ಸೇರಿ ಅವರ ಕುರ್ಚಿಯನ್ನು ಎತ್ತಿ ತಂದು ಭಟ್ಟಿಯ ಮುಂದೆ ಇಟ್ಟರು, ಕಂಬಳಿ ಹೊದಿಸಿ ಕೂರಿಸಿದರು. ಪ್ರೀತಿಯಿಂದಲೇ ಮಾಡಿದ್ದು. ಪ್ರೀತಿಯಿಂದ ಮಾಡಿದ ತಪ್ಪೂ ತಪ್ಪೇ, ಏನು ಮಾಡುವುದು! ಬೆಂಕಿಯ ಕಾವಿನಲ್ಲಿ ಜ್ವರ ಏರಿದ್ದೇ ತಿಳಿಯಲಿಲ್ಲ. "ಉಸಿರು ಸಾಲ್ತಿಲ್ಲ ಕಣೇ" ಎಂದಾಗ ಸೊಸೆ, ದಿನಾ ಇರುವ ಉಬ್ಬಸವೇ ಅಂದುಕೊಂಡಳು. ತುಟಿ ನೀಲಿಗಟ್ಟಿದ ಮೇಲೆ ಆಸ್ಪತ್ರೆಗೆ ಓಡಿದರು. ಅತ್ತೆ ತಿರುಗಿ ಮನೆಗೆ ಬರಲಿಲ್ಲ.

ಈಗ ಮತ್ತೆ ಚಳಿ ಶುರುವಾಗಿತ್ತು. ಸಿಸ್ಟರ್ ಮತ್ತೆ ಬಾಗಿಲಲ್ಲಿ ನಿಂತಿದ್ದರು. ಬೇಕರಿಯವನು ಅವರಿಗೆ ಬೆನ್ನು ಹಾಕಿ ಹಿಟ್ಟು ನಾದುತ್ತಲೇ ಇದ್ದ.

"ಬಸುರೀಲಿ ಈ ಜ್ವರ ಬಂದ್ರೆ ಜೋರಾಗಿ ಕಾಡುತ್ತೆ ಕಣಮ್ಮ. ಈಗ ಲಸಿಕೆ ಹಾಕಿಸ್ಕೊಂಡ್ರೆ ನಿನಗೂ ಕಾವಲು, ಹುಟ್ಟೋ ಕೂಸಿಗೂ ಮೊದಲ ಕೆಲವು ತಿಂಗಳು ಕಾವಲು" ಅಂದರು ಸಿಸ್ಟರ್.

ಬೇಕರಿಯವನು ಹಿಟ್ಟಿನ ಕೈಯನ್ನೇ ಮುಂದೆ ಚಾಚಿದ. ಮುಂಗೈ ಮೇಲೆ ಸುಟ್ಟ ಕಲೆ ಹಾಗೇ ಇತ್ತು. "ನೋಡಿ ಸಿಸ್ಟರ್, ನಿಮ್ಮ ಸೂಜಿ ಕೊಟ್ಟ ಉಡುಗೊರೆ."

"ಸೂಜಿ ಚುಚ್ಚಿದ್ದು ತೋಳಿಗಲ್ವೇನಪ್ಪ? ಮುಂಗೈ ಸುಟ್ಟಿದ್ದು ಭಟ್ಟಿ."

ಅವನು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಹೆಂಡತಿ ಕೇಳಿದಳು: "ಮತ್ತೆ ಆ ಸುಸ್ತು ಯಾಕೆ ಬಂತು?"

"ಆ ಸೂಜೀಲಿ ಜೀವ ಇರೋ ರೋಗಾಣು ಇರಲ್ಲ. ಅದರಿಂದ ಫ್ಲೂ ಬರಲ್ಲ. ರೋಗದ ಜೊತೆ ಹೊಡೆದಾಡೋದನ್ನ ನಮ್ಮ ಮೈ ಕಲೀತಿರುತ್ತೆ. ಹೊಸದಾಗಿ ಹಿಟ್ಟು ನಾದೋಕೆ ನಿಂತೋರಿಗೆ ರಟ್ಟೆ ನೋಯಲ್ವಾ, ಹಾಗೇ. ಒಂದೆರಡು ದಿನ ತೋಳು ನೋವು, ಮೈಕೈ ನೋವು, ಸಣ್ಣ ಜ್ವರ, ಸುಸ್ತು. ಕೆಲವರಿಗೆ ಅದೂ ಇಲ್ಲ. ಚೆನ್ನಾಗಿ ನೀರು ಕುಡಿದು ಮಲಗಬೇಕು. ಬೆಂಕಿ ಮುಂದೆ ನಿಂತು ಬೆವರೋದಲ್ಲ. ಜ್ವರಕ್ಕೆ ನಾವು ಹೇಳಿದ ಮಾತ್ರೆ ಮಾತ್ರ ತಗೋಬೇಕು."

"ಅದಕ್ಕಿಂತ ಹೆಚ್ಚಾದ್ರೆ?"

"ಜ್ವರ ಎರಡು ದಿನ ದಾಟಿದ್ರೆ ನಮ್ಮ ಹತ್ರ ಬಾ. ಮುಖ ಊದ್ಕೊಂಡ್ರೆ, ಉಸಿರು ಕಟ್ಟಿದ್ರೆ ಒಂದು ಗಳಿಗೇನೂ ಕಾಯಬಾರದು. ಅಂಥದ್ದು ಅಪರೂಪ. ಆದ್ರೂ ಅದಕ್ಕೇ ಚುಚ್ಚಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂರಿಸ್ಕೋತೀವಿ."

ಹೆಂಡತಿ ಖಾಲಿ ಕುರ್ಚಿಯ ಕಡೆ ನೋಡಿದಳು. ಇಡೀ ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತು ಹೊರಗೆ ಬಂತು. "ಅತ್ತೆ ಹಾಕಿಸ್ಕೊಂಡಿದ್ರೆ ಉಳೀತಿದ್ರಾ ಸಿಸ್ಟರ್?"

ಸಿಸ್ಟರ್ ಸುಳ್ಳು ಸಮಾಧಾನ ಹೇಳುವವರಲ್ಲ. "ಉಳೀತಿದ್ರು ಅಂತ ಆಣೆ ಹಾಕಿ ಹೇಳಲಾರೆ. ಹಾಕಿಸ್ಕೊಂಡವರಿಗೂ ಒಮ್ಮೊಮ್ಮೆ ಫ್ಲೂ ಬರುತ್ತೆ. ಆದ್ರೆ ಸಾಮಾನ್ಯವಾಗಿ ಇಷ್ಟು ಜೋರಾಗಿ ಬರಲ್ಲ. ಅವರಿಗೆ ಒಂದು ಅವಕಾಶ ಇರ್ತಿತ್ತು."

ಬೇಕರಿಯವನು ಹಿಟ್ಟನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಹೋದ. ಅಲ್ಲಿಂದ ಅವನು ಬಿಕ್ಕುವ ಸದ್ದು ಕೇಳಿತು. ಹೆಂಡತಿ ಸಮಾಧಾನ ಮಾಡಲು ಏಳಲಿಲ್ಲ. ಅವಳೂ ಅಳುತ್ತಿದ್ದಳು.

ಮರುದಿನ ಇಬ್ಬರೂ ಲಸಿಕೆ ಹಾಕಿಸಿಕೊಂಡು ಬಂದರು. ಸಂಜೆ ಅವಳಿಗೆ ಮೈ ಭಾರವಾಯಿತು, ಸಣ್ಣಗೆ ಚಳಿ ಹತ್ತಿತು. ರೂಢಿಯ ಕಾಲು, ತಾನಾಗಿಯೇ ಭಟ್ಟಿಯ ಕಡೆಗೆ ನಡೆಯಿತು.

"ಆ ಕಡೆ ಹೋಗ್ಬೇಡ್ವೇ!" ಎಂದು ಗಂಡ ಅಡ್ಡ ನಿಂತ. ಅವಳನ್ನು ಒಳಗಿನ ಕೋಣೆಯಲ್ಲಿ ಮಲಗಿಸಿ, ಕುಡಿಯುವ ನೀರು, ಸಿಸ್ಟರ್ ಕೊಟ್ಟ ಮಾತ್ರೆ ಕೈಗೆಟುಕುವಂತೆ ಇಟ್ಟ. ಆಮೇಲೆ ಹೋಗಿ ಭಟ್ಟಿಯ ಕೆಂಡವನ್ನೆಲ್ಲ ಹೊರಗೆಳೆದು ನೀರು ಹೊಯ್ದ. ಅಪ್ಪನ ಕಾಲದಿಂದ, ಮನೆಯಲ್ಲಿ ಸಾವಾದ ದಿನ ಬಿಟ್ಟರೆ, ಒಂದು ದಿನವೂ ಆರದಿದ್ದ ಭಟ್ಟಿ ಅದು.

ಬೆಳಿಗ್ಗೆ ಬ್ರೆಡ್ಡಿಗೆ ಬಂದ ದರ್ಜಿ, ಮುಚ್ಚಿದ ಬಾಗಿಲು ನೋಡಿ ಗಾಬರಿಯಾದ. "ಏನಪ್ಪಾ ಇದು? ಯಾರಾದ್ರೂ ತೀರಿಹೋದ್ರಾ?"

"ಯಾರೂ ಇಲ್ಲ. ಇಬ್ಬರೂ ಲಸಿಕೆ ಹಾಕಿಸ್ಕೊಂಡಿದೀವಿ, ಸುಸ್ತು. ಇವತ್ತು ಮಲಗ್ತೀವಿ" ಅಂದ ಬೇಕರಿಯವನು. "ಹೋದ ವರ್ಷವೇ ಹೀಗೆ ಒಂದಿನ ಬಾಗಿಲು ಹಾಕಿ ಮಲಗಿದ್ರೆ, ನಮ್ಮಮ್ಮನಿಗೂ ಹಾಕಿಸ್ತಿದ್ದೆ. ಇವತ್ತಿಗೂ ಇರ್ತಿದ್ಲೋ ಏನೋ."

ದರ್ಜಿ ನಗಲಿಲ್ಲ. "ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಎಷ್ಟು ಹೊತ್ತಿಗೆ ಹೋಗ್ಬೇಕು ಅಲ್ಲಿಗೆ?" ಎಂದು ಕೇಳಿದ.

ಮಾರನೆಯ ಬೆಳಿಗ್ಗೆ ಅವಳ ಮೈ ಹಗುರಾಗಿತ್ತು. ಎದ್ದು ಗಲ್ಲಾಪೆಟ್ಟಿಗೆಯ ಹತ್ತಿರ ಬಂದು, ಅತ್ತೆಯ ಕುರ್ಚಿಯ ಧೂಳು ಒರೆಸಿದಳು. ಅದರಲ್ಲಿ ಕೂರಲು ಮಾತ್ರ ಮನಸ್ಸು ಬರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮುಗಿಸಿದ ಮೇಲೆ ಒಮ್ಮೆ ನಿಮ್ಮ ಮನೆಯನ್ನೇ ನೋಡಿಕೊಳ್ಳಿ. ವಯಸ್ಸಾದವರು, ಬಸುರಿಯರು, ಉಬ್ಬಸದವರು, ಸಕ್ಕರೆ ಕಾಯಿಲೆಯವರು ಯಾರಿದ್ದಾರೆ? ಹತ್ತಿರದ ಆಸ್ಪತ್ರೆಯಲ್ಲಿ ವಿಚಾರಿಸಿ. ಫ್ಲೂ ಲಸಿಕೆಯನ್ನು ಪ್ರತಿ ವರ್ಷ ಹಾಕಿಸಬೇಕು. ಅದರ ಬಲ ಮೈಗೆ ಹತ್ತಲು ಎರಡು ವಾರ ಬೇಕು, ಆದ್ದರಿಂದ ಚಳಿಗೆ ಮುಂಚೆಯೇ ಹೋಗಿ. ಸುಸ್ತಾದರೆ ಹೆದರಬೇಡಿ. ಆ ಒಂದೆರಡು ದಿನ ಕೆಲಸ ಬಿಟ್ಟು ಮಲಗಿ, ನಿಮ್ಮವರನ್ನೂ ಮಲಗಲು ಬಿಡಿ. ಹೋಗುತ್ತೇನೆ ಎಂದು ಮನೆಯ ಹಿರಿಯರೇ ಕೇಳಿದರೆ, ದಯವಿಟ್ಟು "ಸುಮ್ನಿರಿ" ಅನ್ನಬೇಡಿ.