ಹಿಂದಿನ ಸೀಟಿಲ್ಲದ ಫಿಯೆಟ್ಟು

ಚನ್ನಗಿರಿಯ ಅಡಿಕೆ ವ್ಯಾಪಾರಿ ವಿರೂಪಾಕ್ಷಪ್ಪನಿಗೆ ಕಾರಿನ ಹುಚ್ಚು ಹಿಡಿದದ್ದು ಎಪ್ಪತ್ತೆಂಟನೇ ಇಸವಿಯಲ್ಲಿ. ಹೊನ್ನಾಳಿಯ ಗೆಳೆಯರು ಕಾರ್ ರೇಸಿಗೆ ಹೋಗಿಬಂದರೆಂದು ಇವನ ತಲೆಯೂ ತಿರುಗಿತು. ಚೆನ್ನಾಗಿದ್ದ ಫಿಯೆಟ್ಟಿನ ಎಂಜಿನ್ ಬಿಚ್ಚಿಸಿ, ವೇಗ ಹೆಚ್ಚಲೆಂದು ಅದರ ಹೆಡ್ಡನ್ನು ಉಜ್ಜಿಸಿ ತೆಳುಮಾಡಿಸಿದ, ಎರಡು ಕಾರ್ಬುರೇಟರ್ ಕೂರಿಸಿದ. ತಿರುವಿನಲ್ಲಿ ವಾಲಬಾರದೆಂದು ಸ್ಪ್ರಿಂಗಿಗೆ ಪ್ಲೇಟುಗಳನ್ನು ಸೇರಿಸಿ ಕಲ್ಲಿನಷ್ಟು ಗಟ್ಟಿ ಮಾಡಿಸಿದ. ಭಾರ ಇಳಿಯಲೆಂದು ಹಿಂದಿನ ಸೀಟನ್ನೂ ಕಿತ್ತು ಅಟ್ಟಕ್ಕೆಸೆದ. ಕಾರಿಗೆ ಮಾಡಿದ ಉಪಚಾರದಲ್ಲಿ ಕಾಲುಭಾಗವನ್ನು ಈ ಮಹಾರಾಯ ಹೆಂಡತಿಗೆ ಮಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಹೆಂಡತಿ ನಿರ್ಮಲಮ್ಮ ಮದುವೆಯಾಗಿ ಎಷ್ಟೋ ವರ್ಷಕ್ಕೆ ಬಸುರಿಯಾಗಿದ್ದಳು. ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ರಕ್ತ ಕಾಣಿಸಿಕೊಂಡಿತು. ಬಂದು ನೋಡಿದ ನರ್ಸು, "ಈಗ್ಲೇ ದಾವಣಗೆರೆಗೆ ಕರಕೊಂಡು ಹೋಗ್ರಿ. ಮೈ ಅಲುಗಬಾರದು. ಕೂಸು ಉಳೀಬೌದು," ಎಂದಳು.

ಗಂಡನ ಅಣ್ಣ ಪಂಚಾಕ್ಷರಪ್ಪ ತನ್ನ ಅಂಬಾಸಿಡರ್ ತಂದು ಬಾಗಿಲಿಗೆ ನಿಲ್ಲಿಸಿ, ಸೀಟಿನ ಮೇಲೆ ಹತ್ತಿ ಹಾಸಿಗೆ ಹಾಸಿದ. ಆಸ್ತಿ ಪಾಲಾದಾಗಿನಿಂದ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ಆವತ್ತು ಅಣ್ಣನೇ ಬಿಗುಮಾನ ಬಿಟ್ಟು ಬಂದಿದ್ದ.

"ನನ್ನ ಗಾಡಿ ಮೆತ್ತಗೆ ಹೋಗ್ತೈತೆ ವಿರೂಪಾಕ್ಷ, ಇದರಾಗೆ ಮಲಗಿಸು."

"ಯಾಕೆ, ನನ್ನ ಮನ್ಯಾಗೆ ಕಾರಿಲ್ಲೇನು? ನಿನ್ನ ಗಾಡಿ ದಾವಣಗೆರೆ ಮುಟ್ಟೋದ್ರಾಗೆ ನಾನು ಅಲ್ಲಿ ಚಾ ಕುಡಿದಿರ್ತೀನಿ."

"ರೀ, ಭಾವನೋರ ಕಾರಾಗೇ ಹೋಗಾನ್ರಿ," ಎಂದು ನಿರ್ಮಲಮ್ಮ ಕೈ ಮುಗಿದಳು. ಅಣ್ಣನ ಮುಂದೆ ತನ್ನ ಮಾನ ತೆಗೆದಳೆಂದು ಅವನಿಗೆ ಸಿಟ್ಟೇ ಬಂತು. ಫಿಯೆಟ್ಟಿನ ಬರೀ ತಗಡಿನ ಮೇಲೆ ಚಾಪೆ ಹಾಸಿ ಅವಳನ್ನು ಮಲಗಿಸಿದ.

ಸಂತೆಬೆನ್ನೂರು ದಾಟುವವರೆಗೆ ಅವಳು ಹಲ್ಲು ಕಚ್ಚಿಕೊಂಡಿದ್ದಳು. ಪ್ರತಿ ಗುಂಡಿಯೂ ನೇರ ಬೆನ್ನಿಗೇ ಗುದ್ದುತ್ತಿತ್ತು. ಎರಡೂ ಕೈಯಲ್ಲಿ ಹೊಟ್ಟೆಯನ್ನು ಅವುಚಿಕೊಂಡು, "ನಿಧಾನ ಹೋಗ್ರಿ, ಕೂಸು ಐತೆ," ಎಂದಳು.

"ನಿಧಾನ ಹೋದ್ರೆ ಈ ಸ್ಪ್ರಿಂಗು ಇನ್ನೂ ಕುಕ್ತೈತೆ. ಜೋರಾಗಿ ಹೋದ್ರೆ ಗುಂಡಿ ಮ್ಯಾಲೆ ಹಾರಿಕೊಂಡು ಹೋಗ್ತೈತೆ. ಸುಮ್ನೆ ಮಲಕ್ಕೊ."

ಹೀಗೆಂದು ಅವನು ಇನ್ನಷ್ಟು ಒತ್ತಿದ. ಮುಂದಿದ್ದ ಬಸ್ಸನ್ನು ಹಿಂದೆ ಹಾಕಿದಾಗ ಖುಷಿಗೆ ಸ್ಟೇರಿಂಗ್ ತಟ್ಟಿದ. ಹೊಟ್ಟೆಯೊಳಗಿನ ಮಿಸುಕಾಟ ನಿಂತದ್ದು ಅವಳಿಗೆ ಅಲ್ಲೇ ಗೊತ್ತಾಯಿತು. ಆಮೇಲೆ ಅವಳು ನಿಧಾನ ಹೋಗಿ ಎನ್ನಲಿಲ್ಲ.

ಆಸ್ಪತ್ರೆಯಲ್ಲಿ ಸತ್ತ ಗಂಡುಮಗುವನ್ನು ಹೊರತೆಗೆದರು. ವಿರೂಪಾಕ್ಷಪ್ಪ ಅತ್ತದ್ದು ಸುಳ್ಳಲ್ಲ. ಕಣ್ಣೊರೆಸಿಕೊಂಡು, ಎಷ್ಟು ಬೇಗ ಬಂದು ಮುಟ್ಟಿದೆವೆಂದು ನೆಂಟರಿಗೆಲ್ಲ ವರ್ಣಿಸಿದ್ದೂ ಸುಳ್ಳಲ್ಲ. "ನನ್ನ ಕೈಲಾದಷ್ಟು ಓಡಿಸಿದೆ, ಇನ್ನೇನು ಮಾಡಾಕೆ ಆಗ್ತಿತ್ತು?" ಎಂದ. ಪಾಪ, ಹೆಂಡತಿಗೋಸ್ಕರ ಜೀವ ಒತ್ತೆಯಿಟ್ಟ ಎಂದು ಕೇಳಿದವರು ತಲೆದೂಗಿದರು. ನಿರ್ಮಲಮ್ಮ ಗೋಡೆಯ ಕಡೆ ಹೊರಳಿ ಮಲಗಿ ಎಲ್ಲವನ್ನೂ ಕೇಳಿಸಿಕೊಂಡಳು. ಅವನ ದನಿಯೇ ಅವಳಿಗೆ ಹೇಸಿಗೆಯಾಯಿತು.

ಮನೆಗೆ ಹೊರಡುವ ದಿನ ಅವನು ಮಂಚದ ಪಕ್ಕ ಕುಳಿತು ಸಮಾಧಾನ ಹೇಳಲು ಹೋದ.

"ನೀನು ಹಿಂದೆ ಮಲಗಿದ್ದಕ್ಕೆ ನೋಡು, ಗಾಡಿ ಎಂಥ ತಿರುವಿನಾಗೂ ಕುಣೀಲಿಲ್ಲ. ಹಿಂದೆ ಭಾರ ಬೇಕು ಅಂತ ಈಗ ಗೊತ್ತಾತು."

"ಬರುವಾಗ ಇದ್ದಷ್ಟು ಭಾರ ಈಗ ನಾನಿಲ್ಲರೀ."

ಅವನ ಎದೆಗೆ ನಾಟಲೆಂದೇ ಅವಳು ಆಡಿದ ಮಾತು ಅದು. ವಿರೂಪಾಕ್ಷಪ್ಪ ಸ್ವಲ್ಪ ಹೊತ್ತು ಯೋಚಿಸಿದ.

"ಅದೂ ಹೌದು," ಎಂದು ಎದ್ದುಹೋದ.

ಆಸ್ಪತ್ರೆಯ ಹಿಂದೆ ಕಟ್ಟಡದ ಕೆಲಸ ನಡೆದಿತ್ತು. ಅಲ್ಲಿಂದ ಒಂದು ಚೀಲ ಮರಳು ಹೊರಿಸಿಕೊಂಡು ಬಂದು, ಕಾರಿನೊಳಗೆ ಚಾಪೆಯ ಮೇಲೆ ಮಲಗಿದ್ದ ಅವಳ ಮಗ್ಗುಲಿಗೆ ಇಡಿಸಿದ. ಉರುಳದಂತೆ ತಬ್ಬಿ ಹಿಡಿದುಕೋ ಎಂದ. ಚನ್ನಗಿರಿ ಮುಟ್ಟುವವರೆಗೂ ಅವಳು ಹಿಡಿದುಕೊಂಡಿದ್ದಳು.