ಮರಿತಾಯಮ್ಮನ ತಪ್ಪುಕಾಣಿಕೆ

ಮೃತ್ಯುಂಜಯನಿಗೆ ತನ್ನ ಕಾರಿನ ಮೇಲಿದ್ದ ಪ್ರೀತಿ ನೋಡಿದರೆ ಹರವೆಯಲ್ಲಿ ಯಾರಿಗಾದರೂ ನಗು ಬರುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವನು ಹೆತ್ತದ್ದೂ ಅಲ್ಲ, ಚಾಮರಾಜನಗರದ ಗೆಳೆಯ ಕಿರಣ್ ಕುಮಾರನಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಪೆಟ್ರೋಲೂ ಬ್ಯಾಟರಿಯೂ ಎರಡೂ ಇರುವ ಹೈಬ್ರಿಡ್ ಕಾರು. ಗುಂಡ್ಲುಪೇಟೆಯ ಸ್ಟ್ಯಾಂಡಿನಲ್ಲಿ ನಿಲ್ಲಿಸಿಕೊಂಡು ಬಾಡಿಗೆ ಹೊಡೆಯುತ್ತಿದ್ದ. ಎಂಜಿನ್ ಸದ್ದಡಗಿ ಬ್ಯಾಟರಿಯಲ್ಲೇ ಕಾರು ಜಾರುತ್ತ ಹೋದಾಗ, ಹಿಂದೆ ಕೂತ ಕೇರಳದ ಪಾರ್ಟಿಯ ಕಡೆ ತಿರುಗಿ, "ನೋಡಿ ಸಾರ್, ಈಗ ಒಂದು ತೊಟ್ಟು ಪೆಟ್ರೋಲೂ ಇಲ್ಲ" ಎಂದು ತಾನೇ ಕಂಡುಹಿಡಿದವನ ಹಾಗೆ ಹೇಳುತ್ತಿದ್ದ.

ಆ ಡಿಸೆಂಬರಿನಲ್ಲಿ ಎಲ್ಲೋ ಸಮುದ್ರದಲ್ಲಿ ಸೈಕ್ಲೋನ್ ಎದ್ದು ಇಲ್ಲಿ ಸೂರ್ಯನೇ ಕಾಣದ ಹಾಗಾಯಿತು. ಇಡೀ ದಿನ ಜಡಿಮಳೆ, ಮಂಜು, ಕೊರೆಯುವ ಗಾಳಿ. ಬೆಳಿಗ್ಗೆ ಸದ್ದಿಲ್ಲದೆ ಹೊರಡುತ್ತಿದ್ದ ಕಾರು ಈಗ ಗುರ್ರೆಂದು ಪೆಟ್ರೋಲ್ ಕುಡಿಯತೊಡಗಿತು. ಬ್ಯಾಟರಿಗೆ ಶೀತ ಹೊಡೆದಿದೆ ಎಂದು ಮೃತ್ಯುಂಜಯ ತೀರ್ಮಾನಿಸಿಬಿಟ್ಟ. ಮೊಬೈಲಿನಲ್ಲಿ ಹುಡುಕಿದ. ಮೊಣಕಾಲುದ್ದ ಹಿಮ ಬಿದ್ದ ಯಾವುದೋ ದೇಶದವನೊಬ್ಬ ಕಾರಿನ ಬಾಗಿಲು ತೆಗೆದು ತೋರಿಸುತ್ತಿದ್ದ: ಬ್ಯಾಟರಿ ಹಿಂದಿನ ಸೀಟಿನ ಕೆಳಗಿರುತ್ತದೆ, ಸೀಟಿನ ಪಕ್ಕದ ಜಾಲರಿಯಿಂದ ಒಳಗಿನ ಗಾಳಿ ಎಳೆದುಕೊಳ್ಳುತ್ತದೆ, ಹೊರಡುವ ಮುಂಚೆ ಒಳಗೊಂದು ಹೀಟರ್ ಇಟ್ಟು ಬೆಚ್ಚಗೆ ಮಾಡಿ. ಅವನ ಮೀಸೆಯ ಮೇಲೂ ಹಿಮ ಕೂತಿತ್ತು. ನಮ್ಮವನು ಅದೊಂದನ್ನು ಮಾತ್ರ ಗಮನಿಸಲಿಲ್ಲ.

ಮನೆಯಲ್ಲಿದ್ದದ್ದು ಒಂದೇ ಹೀಟರು, ಅದೂ ಹುಳು ಮನೆಯಲ್ಲಿ. ಅಣ್ಣ ಗುರುಪಾದಸ್ವಾಮಿ ಹಿಪ್ಪುನೇರಳೆ ತೋಟ ನೋಡಿಕೊಂಡರೆ, ರೇಷ್ಮೆ ಹುಳುವಿನ ಜವಾಬ್ದಾರಿ ಅತ್ತಿಗೆ ಕಾವ್ಯಶ್ರೀಯದು. ಅವಳ ಜೊತೆಗೆ ಕೆಳಗಿನ ಬೀದಿಯ ಮರಿತಾಯಮ್ಮ. ಈ ಮನೆಯವರು ಹುಳು ಸಾಕತೊಡಗಿದ ದಿನದಿಂದಲೂ ಸೊಪ್ಪು ಹಾಕಿದ ಕೈ ಅವಳದು. ಹುಳು ಮನೆಗೆ ದೇವರ ಮನೆಗಿಂತ ಮಡಿ ಜಾಸ್ತಿ. ಬ್ಲೀಚಿಂಗ್ ಪುಡಿಯ ನೀರಲ್ಲಿ ಕಾಲದ್ದಿ ಒಳಗೆ ಹೋಗಬೇಕು, ಸೆಂಟು ಹಾಕಿಕೊಂಡು ಬರಬಾರದು, ಹೊಗೆಸೊಪ್ಪಂತೂ ಹತ್ತಿರ ಸುಳಿಯಲೇ ಕೂಡದು. ಮರಿತಾಯಮ್ಮನಿಗೋ ಹೊಗೆಸೊಪ್ಪಿನ ಚಟ. ಹೊರಗೇ ಉಗುಳಿ, ಬಾಯಿ ಮುಕ್ಕಳಿಸಿ, ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡು ಒಳಗೆ ಹೋಗುತ್ತಿದ್ದಳು.

ಹುಳುಗಳು ಆಗ ಜ್ವರದಲ್ಲಿದ್ದವು. ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ, ತಲೆಯೆತ್ತಿಕೊಂಡು ಅಲ್ಲಾಡದೆ ಇರುವುದಕ್ಕೆ ಹುಳು ಸಾಕುವವರು ಜ್ವರ ಅನ್ನುತ್ತಾರೆ. ಜ್ವರದಲ್ಲಿ ಸೊಪ್ಪು ಹಾಕುವಂತಿಲ್ಲ, ಒಳಗೆ ಹೋಗಿ ಅಲುಗಿಸುವಂತಿಲ್ಲ, ಶಾಖ ಒಂದು ತಪ್ಪದಿದ್ದರೆ ಸಾಕು. ಯಾರೂ ಒಳಗೆ ಹೋಗುವುದಿಲ್ಲವೆಂದರೆ ಯಾರಿಗೂ ಗೊತ್ತಾಗುವುದೂ ಇಲ್ಲ ಎಂದು ಮೃತ್ಯುಂಜಯನಿಗೆ ಹೊಳೆಯಿತು. ಬೆಳಕು ಹರಿಯುವ ಮುಂಚೆ ಹೀಟರ್ ಎತ್ತಿಕೊಂಡು ಬಂದು, ಶೆಡ್ಡಿನಿಂದ ವೈರು ಎಳೆದು, ಹಿಂದಿನ ಸೀಟಿನ ಜಾಲರಿಗೆ ಮುಖ ಮಾಡಿ ಇಟ್ಟ. ಸ್ವಲ್ಪ ಹೊತ್ತು ಕಾಯಿಸಿ ವಾಪಸ್ ಇಡುವುದು ಅವನ ಲೆಕ್ಕ. ಅಷ್ಟರಲ್ಲಿ ಊಟಿಗೆ ಹೋಗುವ ಪಾರ್ಟಿ ಗುಂಡ್ಲುಪೇಟೆಯಿಂದ ಫೋನು ಮಾಡಿ ಅವಸರಪಡಿಸಿತು. ಪ್ಲಗ್ ಕಿತ್ತು, ಹೀಟರನ್ನು ಡಿಕ್ಕಿಗೆ ತಳ್ಳಿ ಓಡಿದ.

ನೆನಪಾದದ್ದು ಊಟಿ ಘಾಟಿ ಹತ್ತುವಾಗ. ತಿರುಗಿ ಬರುವ ಹಾಗಿರಲಿಲ್ಲ, ನಿಜ. ಆದರೆ ಮನೆಗೆ ಒಂದು ಫೋನು ಮಾಡಬಹುದಿತ್ತು. ಒಂದು ಬಾಂಡ್ಲಿ ಕೆಂಡ ಇಡಿ ಅಂದಿದ್ದರೆ ಮುಗಿಯುತ್ತಿತ್ತು. ಅಣ್ಣ ಬೈಯುತ್ತಾನೆ ಎಂದು ಹೆದರಿ ಮಾಡಲಿಲ್ಲ. ಮದುವೆಯಾಗಿ ಮಕ್ಕಳಿರುವ ಗಂಡಸು, ಬೈಗುಳಕ್ಕೆ ಹೆದರಿ ಫೋನನ್ನು ಜೇಬಿಗೆ ಹಾಕಿಕೊಂಡ. ಸಂಜೆ ಬಂದು, ಹೀಟರನ್ನು ಕಳ್ಳನ ಹಾಗೆ ಒಳಗಿಟ್ಟು ಸ್ವಿಚ್ ಹಾಕಿದ.

ಜ್ವರದಿಂದ ಹುಳುಗಳು ಸರಿಯಾಗಿ ಏಳಲಿಲ್ಲ. ಎದ್ದವೂ ಸೊಪ್ಪು ಮುಟ್ಟದೆ ಮೆತ್ತಗಾದವು. ಸಪ್ಪೆ ರೋಗ. ಅರ್ಧಕ್ಕರ್ಧ ಹುಳುವನ್ನು ಗುಂಡಿಗೆ ಹಾಕಿ ಸುಣ್ಣ ಚೆಲ್ಲಿ ಮುಚ್ಚಬೇಕಾಯಿತು. ಗುರುಪಾದಸ್ವಾಮಿ ಅಂಗಳದಲ್ಲಿ ನಿಂತು ಮರಿತಾಯಮ್ಮನ ಮೇಲೆ ಕೂಗಾಡಿದ.

"ಹೊಗೆಸೊಪ್ಪು ಮುಟ್ಟಿದ್ ಕೈಲಿ ಸೊಪ್ಪು ಆಕ್ಬುಟ್ಟಿದ್ದೀಯ. ಬ್ಯಾಡ ಬ್ಯಾಡ ಅಂತ ಎಷ್ಟ್ ಸಲ ಬಡ್ಕೊಂಡಿವ್ನಿ! ನಾಳೆಯಿಂದ ಈ ಕಡೆ ತಲೆ ಆಕ್ಬ್ಯಾಡ."

"ತೊಳ್ಕಂಡೇ ಓಯ್ತಿದ್ದೆ ಬುದ್ದಿ," ಅಂದಳು ಮರಿತಾಯಮ್ಮ. ಆಮೇಲೆ ತನ್ನ ಅಂಗೈಗಳನ್ನು ತಾನೇ ನೋಡಿಕೊಂಡಳು. "ಉಗುರು ಸಂದೀಲಿ ಉಳ್ಕತ್ತೋ ಏನೋ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎತ್ತು ಪಕ್ಕದಲ್ಲೇ ನಿಂತು ಕಾರಿನ ಕನ್ನಡಿ ಒರೆಸುತ್ತಿತ್ತು. ನಾನೇ ಅಂದುಬಿಡೋಣ ಅನ್ನಿಸಿತು ಮೃತ್ಯುಂಜಯನಿಗೆ. ಅತ್ತಿಗೆಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. ಅವನು ಮತ್ತೆ ಕನ್ನಡಿ ಒರೆಸತೊಡಗಿದ. ಆಮೇಲೆ ಉಂಡ ಅನ್ನ ಮೈಗೆ ಹತ್ತಲಿಲ್ಲ.

ಇಷ್ಟೆಲ್ಲ ಯಾತಕ್ಕಾಗಿ ಆಯಿತು ಎಂಬುದಕ್ಕೆ ಉತ್ತರ ಕೊಟ್ಟವನು ಕಿರಣ್ ಕುಮಾರ. ಬ್ಯಾಟರಿ ಕಾಯಿಸಿದ್ದನ್ನು ಫೋನಿನಲ್ಲಿ ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕ.

"ನಮ್ಮೂರ್ ಚಳಿಗೆ ಯಾರ್ಲಾ ಬ್ಯಾಟ್ರಿ ಕಾಯಿಸ್ತಾರೆ? ಬೆಳಿಗ್ಗೆ ಎಂಜಿನ್ ಏಳೋದು ತಾನು ಬೆಚ್ಚಗಾಗೋಕೆ ಕಣ್ಲಾ. ಸುಮ್ನೆ ಓಡ್ಸು, ಸ್ವಲ್ಪ ದೂರಕ್ಕೆ ಎಲ್ಲಾ ಸರಿ ಓಯ್ತದೆ."

ಬೇಕಾಗಿಯೇ ಇರಲಿಲ್ಲ. ಆ ಶಾಖ ಕಾರಿಗೆ ಬೇಕಾಗಿಯೇ ಇರಲಿಲ್ಲ. ಮೃತ್ಯುಂಜಯ ಕಾರಿನೊಳಗೇ ಕೂತು ಅತ್ತ.

ಅದರ ಮರುದಿನ ಬೆಳಿಗ್ಗೆ ಚಾಮರಾಜನಗರದಿಂದ ಒಂದು ಪಾರ್ಟಿಯನ್ನು ಮಾದಪ್ಪನ ಬೆಟ್ಟಕ್ಕೆ ಕರೆದೊಯ್ಯಬೇಕಿತ್ತು. ಮಂಜಿನಲ್ಲಿ ಕಾರು ಹರವೆಯ ಬಸ್‌ಸ್ಟಾಪಿನ ಹತ್ತಿರ ಬಂದಾಗ ಯಾರೋ ಕೈ ಅಡ್ಡ ಹಿಡಿದರು. ಮರಿತಾಯಮ್ಮ. ಪಕ್ಕದಲ್ಲಿ ಬಟ್ಟೆ ಗಂಟು. ಬಾಯಿ ಖಾಲಿಯಿತ್ತು. ಹೊಗೆಸೊಪ್ಪಿಲ್ಲದ ಅವಳ ಮುಖವನ್ನು ಮೃತ್ಯುಂಜಯ ಇದೇ ಮೊದಲು ನೋಡಿದ್ದು; ಕೆನ್ನೆ ಒಳಕ್ಕೆ ಹೋಗಿ ಏಕದಂ ಮುದುಕಿಯಾಗಿಬಿಟ್ಟಿದ್ದಳು.

"ಉಮ್ಮತ್ತೂರಿಗೆ, ಮಗಳ್ ಮನೆಗೆ ಓಯ್ತಾ ಇವ್ನಿ ಬುದ್ದಿ. ಇಲ್ಲಿ ಇನ್ಯಾರೂ ಹುಳು ಮನೆಗೆ ಸೇರುಸ್ಕಳಲ್ಲ," ಅಂದಳು. ಸೆರಗಿನಿಂದ ಹಳದಿ ಬಟ್ಟೆಯ ಪುಟ್ಟ ಗಂಟು ಬಿಚ್ಚಿ ಅವನ ಕೈಗಿಟ್ಟಳು. "ನೀವು ಬೆಟ್ಟಕ್ಕೆ ಓಗೋದು ಗೊತ್ತಾಯ್ತು. ತಪ್ಪುಕಾಣಿಕೆ. ಮಾದಪ್ಪನ ಹುಂಡಿಗೆ ಆಕ್ಬುಡಿ. ಅಷ್ಟೊಂದು ಜೀವ ನನ್ ಕೈಲಿ ಓಯ್ತು. ಹೊಗೆಸೊಪ್ಪು ಬುಟ್ಟೆ ಅಂತಲೂ ಏಳಿ."

ಗಂಟು ಅಂಗೈಯಲ್ಲಿ ಸುಟ್ಟ ಹಾಗಾಯಿತು. ಅವನು ಕಾರಿನಿಂದ ಇಳಿದ.

"ನಿನ್ ತಪ್ಪಲ್ಲ ಮರಿತಾಯವ್ವ. ಹೀಟರ್ ತಗೊಂಡೋಗಿದ್ದು ನಾನು. ಕಾರಿಗೆ. ಇಡೀ ದಿನ ಹುಳಕ್ಕೆ ಶಾಖ ಇರ್ಲಿಲ್ಲ. ಅದಕ್ಕೇ ಹಂಗಾಯ್ತು."

ಮರಿತಾಯಮ್ಮ ಅವನನ್ನೇ ನೋಡಿದಳು. ಕಣ್ಣು ತುಂಬಿಕೊಂಡವು. "ಎಷ್ಟು ಒಳ್ಳೆ ಮನ್ಸು ನಿಮ್ದು. ನನ್ ತಪ್ಪ ನಿಮ್ ತಲೆ ಮ್ಯಾಲೆ ಯಾಕ್ ಆಕ್ಕತೀರಿ? ಕಾರಿಗ್ ಯಾರಾದ್ರೂ ಹೀಟರ್ ಇಡ್ತಾರಾ ಬುದ್ದಿ?"

"ನಿಜ ಕಣವ್ವ!"

"ಬುಡಿ. ಮಾದಪ್ಪ ನಿಮ್ಮನ್ನ ತಣ್ಣಗಿಟ್ಟಿರ್ಲಿ." ಅಷ್ಟರಲ್ಲಿ ಬಸ್ಸು ಬಂತು. ಅವನ ತಲೆ ಸವರಿ, ಬಟ್ಟೆ ಗಂಟು ಎತ್ತಿಕೊಂಡು ಹತ್ತಿದಳು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಶೀರ್ವಾದ ಮಾಡಿ ಹೋಗಿದ್ದಳು. ಬೆಟ್ಟದ ಪಾರ್ಟಿಗೆ ಬೇರೆ ಕಾರು ಕಳಿಸು ಎಂದು ಕಿರಣ್ ಕುಮಾರನಿಗೆ ಫೋನು ಮಾಡಿ, ಮೃತ್ಯುಂಜಯ ಕಾರು ತಿರುಗಿಸಿದ. ಅಣ್ಣ ತೋಟಕ್ಕೆ ಹೋಗಿದ್ದ. ಅತ್ತಿಗೆ ಹುಳು ಮನೆಯಲ್ಲಿ ಉಳಿದ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ಅವನು ಬ್ಲೀಚಿಂಗ್ ನೀರಲ್ಲಿ ಕಾಲದ್ದಿ ಒಳಗೆ ಹೋಗಿ, ಒಂದೇ ಉಸಿರಿಗೆ ಹೇಳಿದ. ಹೀಟರು, ಕಾರು, ಊಟಿ, ಮಾಡದೇ ಹೋದ ಫೋನು, ಎಲ್ಲ.

ಕಾವ್ಯಶ್ರೀ ಸೊಪ್ಪು ಹಾಕುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣಪ್ಪ," ಅಂದಳು.

"ಗೊತ್ತಾ?"

"ವಾಪಸ್ ಇಡೋವಾಗ ಹೀಟರ್ ಮಖ ಗೋಡೆ ಕಡೆ ತಿರುಗಿಸಿ ಮಡಗಿದ್ದೆ ನೀನು. ವೈರು ನಿನ್ ಕಾರ್ ನಿಲ್ಲೋ ಜಾಗದಲ್ಲೇ ಬಿದ್ದಿತ್ತು. ನಾನೇನ್ ಕುರುಡೀನಾ?" ಈಗ ಅವಳ ಕೈ ನಿಂತಿತು. "ನಿಮ್ಮಣ್ಣನ ಕೋಪ ಎಂಥದ್ದು ಅಂತ ಗೊತ್ತಲ್ಲ. ಏಳಿದ್ರೆ ಆವತ್ತೇ ಮನೆ ಪಾಲಾಗೋದು. ಮನೆ ಒಡೆಯೋದಕ್ಕಿಂತ ಆಳು ಬುಡುಸೋದು ಸಲೀಸು ಅನ್ನುಸ್ಬುಡ್ತು."

ಮೃತ್ಯುಂಜಯ ಜೇಬಿಗೆ ಕೈ ಹಾಕಿದ. ಹಳದಿ ಗಂಟನ್ನು ಅತ್ತಿಗೆಯ ಮುಂದೆ ಸೊಪ್ಪಿನ ಮೇಲಿಟ್ಟ.

"ಮರಿತಾಯಮ್ಮ ಕೊಟ್ಟಿದ್ದು. ಹುಳ ಸಾಯಿಸಿದ್ದಕ್ಕೆ ತಪ್ಪುಕಾಣಿಕೆಯಂತೆ."

ಕಾವ್ಯಶ್ರೀ ಅದನ್ನು ನೋಡುತ್ತ ನಿಂತಳು. ಆಮೇಲೆ ಕೈಯನ್ನು ಸೀರೆಗೆ ಒರೆಸಿಕೊಂಡು, ಗಂಟು ಎತ್ತಿ ಸೆರಗಿಗೆ ಕಟ್ಟಿಕೊಂಡು ಹೊರಗೆ ನಡೆದಳು.

"ಕಾರ್ ತೆಗಿ. ನಿಮ್ಮಣ್ಣಂಗೆ ಬಂದ್ಮೇಲೆ ಏಳನ. ಏನಾಯ್ತದೋ ಆಗ್ಲಿ."

ಕಾರು ಗುರ್ರೆಂದು ಎದ್ದಿತು. ಊರು ದಾಟುವಷ್ಟರಲ್ಲಿ ಎಂಜಿನ್ ತಾನಾಗಿಯೇ ಬೆಚ್ಚಗಾಗಿ ಸದ್ದಡಗಿತು. ಬ್ಯಾಟರಿಯ ಗೀಟುಗಳು ಪರದೆಯ ಮೇಲೆ ತುಂಬಿ ನಿಂತಿದ್ದವು. ಮೃತ್ಯುಂಜಯ ಆ ಕಡೆ ನೋಡಲಿಲ್ಲ.

ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಮರಿತಾಯಮ್ಮ ಉಮ್ಮತ್ತೂರಿನ ಬಸ್ಸಿಗೆ ಕಾಯುತ್ತ, ಸೆರಗನ್ನು ತಲೆ ತುಂಬ ಹೊದ್ದು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಅತ್ತಿಗೆ ಮೈದುನ ಇಬ್ಬರೂ ಒಟ್ಟಿಗೆ ಬರುವುದನ್ನು ಕಂಡು ಗಾಬರಿಯಿಂದ ಎದ್ದು ನಿಂತಳು.

"ಯಾಕ್ರವ್ವ, ಏನಾಯ್ತು? ಉಳ್ದಿದ್ ಹುಳಕ್ಕೂ ಬಂದ್ಬುಡ್ತಾ?"

ದಾರಿಯುದ್ದಕ್ಕೂ ಕಾವ್ಯಶ್ರೀ ಹೇಳಬೇಕಾದ್ದನ್ನು ಜೋಡಿಸಿಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು "ತಪ್ಪು ನಮ್ದು ಮರಿತಾಯವ್ವ" ಅಂತ ಅಷ್ಟೇ. ಸೆರಗಿನ ಗಂಟು ಬಿಚ್ಚಿ ಹಳದಿ ಬಟ್ಟೆಯನ್ನು ಮರಿತಾಯಮ್ಮನ ಕೈಗೆ ವಾಪಸ್ ಇಟ್ಟು, ಆ ಕೈಯನ್ನು ಬಿಡದೆ ಹಿಡಿದುಕೊಂಡಳು. ಆ ಕೈ ತಣ್ಣಗಿತ್ತು.