ಕರಿಬಸಪ್ಪನ ಮುದ್ದೆಕೋಲು

ನಮ್ಮ ಕರಿಬಸಪ್ಪ ಯಾರ ಮುಖವನ್ನೂ ನೋಡಿ ಮಾತಾಡುವವನಲ್ಲ. ಅವನು ನೋಡುವುದು ಕೈಯನ್ನು. ನಮಸ್ಕಾರ ಎಂದು ಮುಗಿದ ಕೈಯನ್ನು ಹಿಡಿದು ಮಗುಚಿ, ಹೆಬ್ಬೆರಳಿನ ಬುಡ ಒತ್ತಿ, ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಿದವನ ಗಾಂಭೀರ್ಯದಿಂದ ‘ಹೂಂ’ ಎನ್ನುವನು. ಸ್ಯಾನ್ ಪೀಡ್ರೊ ಬಂದರಿನ ಹಡಗು ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕಾಗದಪತ್ರ ತಿರುವಿ, ಎರಡು ಸಾವಿರದ ಇಪ್ಪತ್ತೊಂದರಲ್ಲಿ ನಿವೃತ್ತನಾದ ಮೇಲೆ ಹಿಡಿದ ಗೀಳು ಇದು: ಬೀದಿಬದಿ ಕಡಿದು ಹಾಕಿದ ಆಲಿವ್ ಕೊಂಬೆ ಹೊತ್ತು ತಂದು, ಒಂದೇ ಒಂದು ಮಡಚುವ ಚಾಕುವಿನಲ್ಲಿ ಮುದ್ದೆಕೋಲು ಹೆರೆಯುವುದು. ನಯ ಮಾಡಲು ಉಪ್ಪುಕಾಗದ ಮುಟ್ಟುವುದಿಲ್ಲ. ಚಾಕು ಮಸೆದು ಮಸೆದು ಮನೆಯ ಪಿಂಗಾಣಿ ಬಟ್ಟಲುಗಳ ತಳಕ್ಕೆಲ್ಲ ಕರಿಗೆರೆ ಬಿದ್ದಿದೆ. ಬಂದರಿನ ಕಾಲದ ಕಿತ್ತಳೆ ಜಾಕೆಟ್ಟಿನ ಜೇಬಿನಿಂದ ಸದಾ ಮರದ ಚಕ್ಕೆ ಉದುರುತ್ತಿರುತ್ತದೆ. ಅವನು ಎದ್ದುಹೋದ ಜಾಗ ಹೆಗ್ಗಣ ಬಂದುಹೋದ ಹಾಗಿರುತ್ತದೆ.

ಕೋಲು ಬೇಕೆಂದವರು ಖುದ್ದಾಗಿ ಬರಬೇಕೆಂಬುದು ಅವನ ಕಟ್ಟಳೆ. ಬಂದವರ ಮುಂದೆ ಬರಿ ಪಾತ್ರೆ ಇಟ್ಟು, ಕೈಗೊಂದು ಕೊಂಬೆ ಕೊಟ್ಟು ತಿರುವಿಸುವನು. ಹೆಬ್ಬೆರಳು ಎಲ್ಲಿ ಕೂತಿತೋ ಅಲ್ಲಿ ಗುರುತು ಮಾಡಿಕೊಂಡು, ಮೂರು ತಿಂಗಳು ಸತಾಯಿಸಿ, ಅದೇ ಜಾಗದಲ್ಲೊಂದು ಚೆಂದದ ಕುಳಿ ಕೆತ್ತಿ ಕೊಡುವನು. ಕಾರ್ಮೆಲ್ ವ್ಯಾಲಿಯಿಂದ ಎರಡು ಗಂಟೆ ಡ್ರೈವ್ ಮಾಡಿಕೊಂಡು ಬಂದ ವಿಕ್ರಮ್‌ಗೆ ಕಾಫಿ ಕುಡಿಸಿ ಬರಿಗೈಯಲ್ಲಿ ಕಳಿಸಿದ್ದ. “ಹಿಟ್ಟು ತಿರುವೋದು ನಿನ್ನ ಹೆಂಡ್ತಿ ಕೈ ಕಣಪ್ಪ, ನಿನ್ನ ಕಾರಲ್ಲ.” ಮುಂದಿನ ವಾರ ಅವನ ಹೆಂಡತಿ ವಂದನಾ ಬಂದು ಗಾಳಿ ತಿರುವಿಹೋದಳು.

ಇಷ್ಟೆಲ್ಲದರ ನಡುವೆ ಕರಿಬಸಪ್ಪನ ಹೆಂಡತಿ ಸರ್ವಮಂಗಳಾ ಬಿದ್ದು ಮಣಿಕಟ್ಟು ಮುರಿದುಕೊಂಡರು. ಮೂಳೆ ಕೂಡಿತು, ನೋವು ಬಿಡಲಿಲ್ಲ. ಮತ್ತೆ ಉಳುಕಿದರೆ ಆಪರೇಷನ್ನೇ ಗತಿ ಎಂದರು ಡಾಕ್ಟರು. ಕೈಗೆ ಹಗುರಾದ ಕೋಲೊಂದನ್ನು ಆಕೆ ಕೇಳಿದರು. ಇವನು ಒಂದಲ್ಲ, ಆರು ಕೆತ್ತಿದ. ಆರೂ ನೋಯಿಸಿದವು.

“ಕೋಲು ಸರಿಯಾಗೇ ಇದೆ, ನಿನ್ನ ಹಿಡಿತ ತಪ್ಪು” ಎಂದ ಮಹಾರಾಯ.

ಹೀಗಿರುವಾಗ ವಂದನಾಳ ಮನೆಯ ಸತ್ಯನಾರಾಯಣ ಪೂಜೆಗೆ ಇಬ್ಬರೂ ಹೋದರು. ನಡುಮನೆಯ ಗೋಡೆಯ ಮೇಲೆ, ಪುಟ್ಟ ದೀಪದ ಕೆಳಗೆ, ಇವನ ಕೋಲು ನೇತಾಡುತ್ತಿತ್ತು.

“ಇದೇನಮ್ಮ, ಸತ್ತವರ ಫೋಟೋ ಥರ ನೇತುಹಾಕಿದ್ದೀಯ?”

“ಬಂದೋರೆಲ್ಲ ಕೇಳ್ತಾರೆ ಅಂಕಲ್, ಅಷ್ಟು ಚೆನ್ನಾಗಿದೆ.”

“ಮತ್ತೆ ಹಿಟ್ಟು ಯಾವುದ್ರಲ್ಲಿ ತಿರುವ್ತೀಯ?”

ಅವಳು ಸಂಕೋಚದಿಂದ ನಕ್ಕಳು. “ಲಟ್ಟಣಿಗೇಲಿ. ಬೇಜಾರು ಮಾಡ್ಕೋಬೇಡಿ ಅಂಕಲ್, ನಿಮ್ಮ ಕೋಲಲ್ಲಿ ಕೈ ನೋಯುತ್ತೆ.”

ವಾಪಸು ಬರುವ ದಾರಿಯಲ್ಲಿ ಕಾರಿನಲ್ಲೇ ಸರ್ವಮಂಗಳಾ ಅಂದರು: “ಮನೆಗೆ ಮಾರಿ, ಊರಿಗೆ ಉಪಕಾರಿ ಅಂದ್ಕೊಂಡಿದ್ದೆ. ಊರಿಗೂ ಮಾರೀನೇ ಅಂತ ಇವತ್ತು ಗೊತ್ತಾಯ್ತು. ಹುಟ್ಟಿದಾಗಿಂದ ಒಂದು ದಿನಾನಾದ್ರೂ ಹಿಟ್ಟು ತಿರುವಿದ್ದೀರೇನ್ರೀ?”

ತಿರುವಿರಲಿಲ್ಲ. ಅರವತ್ತೆಂಟು ವರ್ಷ ಮುದ್ದೆ ನುಂಗಿದ ಗಂಡಸು.

ಮರುದಿನ ಮಧ್ಯಾಹ್ನ ಆಕೆ ಎಸರಿಟ್ಟು, ಹಿಟ್ಟು ಸುರಿದು, ಆರನೆಯ ಕೋಲನ್ನು ಅವನ ಕೈಗಿತ್ತು ಪಕ್ಕಕ್ಕೆ ನಿಂತರು. ಹಿಟ್ಟು ಬಿಗಿಯುತ್ತಿದ್ದಂತೆ ಹೆಬ್ಬೆರಳು ಕುಳಿ ಬಿಟ್ಟು ಎದ್ದಿತು, ಮುಷ್ಟಿ ತಾನಾಗಿ ಮೇಲೇರಿತು, ಮೂರು ತಿಂಗಳ ಕುಸುರಿಯ ಕುಳಿಯಂಚು ಅಂಗೈಯನ್ನು ಕಚ್ಚಿತು. ಮುದ್ದೆಯ ತುಂಬ ಗಂಟು, ಅಂಗೈಯಲ್ಲಿ ಬೊಬ್ಬೆ.

“ಬರಿ ಪಾತ್ರೆ ತಿರುವಿಸಿ ಅಳತೆ ತಗೊಂಡ್ರೆ ಗಾಳಿ ತಿರುವೋ ಕೋಲೇ ಆಗೋದು” ಎಂದರು ಸರ್ವಮಂಗಳಾ.

ಅವನು ಅಲ್ಲೇ, ಒಲೆಯ ಪಕ್ಕದಲ್ಲೇ ಚಾಕು ಬಿಚ್ಚಿದ. ಎರಡು ವಾರ ದಿನವೂ ಬಿಸಿ ಹಿಟ್ಟಿನಲ್ಲಿ ಆಕೆಯಿಂದ ಎರಡು ಸುತ್ತು ತಿರುವಿಸುವುದು, ಇಸಿದುಕೊಂಡು ಒಂದಿಷ್ಟು ಹೆರೆಯುವುದು, ಉಳಿದದ್ದನ್ನು ತಾನೇ ತಿರುವುವುದು. ಆ ಎರಡು ವಾರ ಅವರು ಉಂಡ ಮುದ್ದೆಯಲ್ಲಿ ರಾಗಿಯೆಷ್ಟೋ ಆಲಿವ್ ಎಷ್ಟೋ. ಕೊನೆಗೆ ಹೊರಬಂದದ್ದು ಕುಳಿಯಿಲ್ಲದ, ಒನಕೆಯ ತುಂಡಿನಂಥ, ಯಾರೂ ಗೋಡೆಗೆ ಹಾಕಲೊಲ್ಲದ ಕೋಲು. ಅದು ನೋಯಿಸಲಿಲ್ಲ. ಹಳೆಯವನ್ನೆಲ್ಲ ತಿದ್ದಿಕೊಡುತ್ತೇನೆ, ಕಳಿಸಿ ಎಂದು ಹದಿನೆಂಟು ಮನೆಗೆ ಫೋನು ಮಾಡಿದ. ಅಷ್ಟು ಚೆಂದದ್ದನ್ನು ಕೆಡಿಸಲು ಯಾರೂ ಒಪ್ಪಲಿಲ್ಲ. ಆ ಕೊರಗು ಅವನಿಗಿನ್ನೂ ಇದೆ, ಇರಲಿ.

ತಾನಾಗಿ ಕಲಿತವರ ಜಾತಿಯೇ ಹೀಗೆ. ಬಾಯಿಮಾತಿನ ಬುದ್ಧಿ ಅವರ ಕಿವಿಯ ಹೊರಗೇ ಚಪ್ಪಲಿ ಬಿಟ್ಟು ನಿಂತಿರುತ್ತದೆ; ಒಳಹೋಗಲು ಅದಕ್ಕಿರುವ ಬಾಗಿಲು ಅವರ ಚರ್ಮವೊಂದೇ. ಅಲ್ಲಿ ಸುಡುವ ತನಕ ಕಾಯಬೇಕಾದವರು ಮಾತ್ರ, ಪಾಪ, ಯಾವಾಗಲೂ ಮನೆಯವರು.